ಮೊದಲ ಪ್ರೈಮ್ ಲೆನ್ಸ್: 35 ಎಂಎಂ ಕೊಳ್ಳಬೇಕೇ, 50 ಎಂಎಂ ಕೊಳ್ಳಬೇಕೇ?

ಕ್ಯಾಮೆರಾದ ಜೊತೆಗೇ ಬರುವ 18-55 ಎಂಎಂ ಕಿಟ್ ಲೆನ್ಸ್ ಹಗಲಿನಲ್ಲಿ, ಬಯಲಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದರ ಮಿತಿ ಗೊತ್ತಾಗುವುದು ಮನೆಯೊಳಗೆ, ದೀಪ ಹಚ್ಚಿದ ಮೇಲೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಓಡಾಡುವ ಮಗು, ತೊಟ್ಟಿಲ ಶಾಸ್ತ್ರ, ಸಂಜೆಯ ಪೂಜೆ ಇವೆಲ್ಲ ಶೇಕ್ ಆಗಿಯೋ ಕಾಳುಕಾಳಾಗಿಯೋ ಬರುತ್ತವೆ. ತಪ್ಪು ತೆಗೆದವರ ಕೈಯದ್ದಲ್ಲ. ಆ ಲೆನ್ಸನ್ನು 55 ಎಂಎಂ ತುದಿಗೆ ತಿರುಗಿಸಿದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರ, ಎಫ್/5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ. ಈ ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಎಫ್/1.8 ಇರುವ ಲೆನ್ಸು ಎಫ್/5.6ಕ್ಕೆ ಹೋಲಿಸಿದರೆ ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕನ್ನು ಒಳಗೆ ಬಿಡುತ್ತದೆ. ಸೆಕೆಂಡಿನ 20ರಲ್ಲಿ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದಿರಬೇಕಾದ ಕಡೆ, ಐಎಸ್ಒ (ಸೆನ್ಸರಿನ ಸೂಕ್ಷ್ಮತೆ) ಏರಿಸದೆಯೇ, 200ರಲ್ಲಿ ಒಂದು ಭಾಗ ಸಾಕಾಗುತ್ತದೆ. ಮೊದಲನೆಯದರಲ್ಲಿ ಮಗುವಿನ ಕೈ ಮಸುಕು ಗೆರೆಯಾಗುತ್ತದೆ, ಎರಡನೆಯದರಲ್ಲಿ ಬೆರಳುಗಳನ್ನು ಎಣಿಸಬಹುದು. ಜೂಮ್ ಇಲ್ಲದ, ಒಂದೇ ಅಳತೆಗೆ ನಿಂತ ಪ್ರೈಮ್ ಲೆನ್ಸನ್ನು ಕೊಳ್ಳಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಪ್ರಶ್ನೆ ಏಳುವುದು ಅಲ್ಲಿಂದ ಮುಂದೆ. ಕ್ರಾಪ್ ಸೆನ್ಸರಿನ, ಅಂದರೆ ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕ ಸೆನ್ಸರಿನ, ಕ್ಯಾಮೆರಾ ಇಟ್ಟುಕೊಂಡವರ ಮುಂದೆ ಸಾಮಾನ್ಯವಾಗಿ ಎರಡು ಹೆಸರು ಬರುತ್ತವೆ: 35 ಎಂಎಂ ಮತ್ತು 50 ಎಂಎಂ. ನಿಕಾನ್ ಕಂಪನಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕ್ರಾಪ್ ಸೆನ್ಸರಿಗೆಂದೇ ಮಾಡಿದ ಡಿಎಕ್ಸ್ 35 ಎಂಎಂ ಎಫ್/1.8ಜಿ ಲೆನ್ಸ್ 2009ರಲ್ಲಿ ಬಂತು. 50 ಎಂಎಂ ಎಫ್/1.8ಜಿ 2011ರಲ್ಲಿ. ಒಂದರ ತೂಕ 200 ಗ್ರಾಂ, ಇನ್ನೊಂದರದು 185. ಎರಡೂ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು, ಎರಡರ ಬೆಳಕಿನ ಶಕ್ತಿಯೂ ಒಂದೇ. ಕೈಗೆ ಎತ್ತಿಕೊಂಡು ನೋಡಿದರೆ ಆರಿಸಲು ಕಾರಣವೇ ಕಾಣುವುದಿಲ್ಲ. ಹಾಗಾಗಿ ಹೆಚ್ಚಿನವರು ಸ್ಯಾಂಪಲ್ ಚಿತ್ರಗಳಲ್ಲಿ ಯಾವುದರ ಹಿನ್ನೆಲೆ ಹೆಚ್ಚು ಮಸುಕಾಗಿದೆ ಎಂದು ನೋಡಿ 50ರ ಕಡೆ ವಾಲುತ್ತಾರೆ. ಈ ಆಯ್ಕೆಯನ್ನು ಹಿನ್ನೆಲೆಯ ಮಸುಕಿನಿಂದ ಮಾಡಬಾರದು, ನೀವು ಎಷ್ಟು ಹಿಂದೆ ಸರಿಯಬಲ್ಲಿರಿ ಎಂಬುದರಿಂದ ಮಾಡಬೇಕು ಎಂಬುದು ನನ್ನ ವಾದ. ಆ ಅಳತೆಗೋಲು ಹಿಡಿದರೆ ಮನೆಮಂದಿಯ ಚಿತ್ರ ತೆಗೆಯುವವರಿಗೆ ಮೊದಲ ಪ್ರೈಮ್ ಆಗಿ 35 ಎಂಎಂ ಸರಿಯಾದ ಲೆನ್ಸ್.

50 ಎಂಎಂ ಲೆನ್ಸಿಗೆ ಇಷ್ಟು ಹೆಸರು ಬಂದದ್ದು ಫಿಲ್ಮಿನ ಕಾಲದಲ್ಲಿ. 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾದಲ್ಲಿ ಇದ್ದದ್ದು 50 ಎಂಎಂ ಲೆನ್ಸ್. ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ ಬ್ರೆಸೋನ್ ತಮ್ಮ ಬಹುಪಾಲು ಕೆಲಸವನ್ನು ಈ ಅಳತೆಯಲ್ಲೇ ಮಾಡಿದರು. ಆದರೆ ಆ ಫಿಲ್ಮಿನ ಚೌಕಟ್ಟು 36×24 ಮಿ.ಮೀ. ಇತ್ತು. 1999ರ ಡಿ1 ಕ್ಯಾಮೆರಾದಿಂದ ನಿಕಾನ್ ಬಳಸುತ್ತ ಬಂದ ಡಿಎಕ್ಸ್ ಸೆನ್ಸರಿನ ಅಳತೆ ಸುಮಾರು 23.5×15.6 ಮಿ.ಮೀ. ಮಾತ್ರ. ಲೆನ್ಸು ಬೀಳಿಸುವ ಬಿಂಬ ಬದಲಾಗುವುದಿಲ್ಲ. ಅದೇ ನೋಟವನ್ನು ಚಿಕ್ಕ ಕಿಟಕಿಯಿಂದ ನೋಡಿದಂತೆ, ಅಂಚಿನ ಭಾಗ ಕತ್ತರಿಸಿ ಹೋಗುತ್ತದೆ. ಲೆನ್ಸಿನ ಸಂಗಮ ದೂರವನ್ನು, ಅಂದರೆ ಅದರ ಎಂಎಂ ಅಂಕಿಯನ್ನು, 1.5ರಿಂದ ಗುಣಿಸಿದರೆ ಅದು ಫಿಲ್ಮ್ ಕ್ಯಾಮೆರಾದಲ್ಲಿ ಯಾವ ಲೆನ್ಸಿನಂತೆ ಕಾಣುತ್ತಿತ್ತು ಎಂಬುದು ಸಿಗುತ್ತದೆ. ಆ ಲೆಕ್ಕದಲ್ಲಿ ನಮ್ಮ 50 ಎಂಎಂ ವಾಸ್ತವದಲ್ಲಿ 75 ಎಂಎಂ, ಅಂದರೆ ಒಂದು ಸಣ್ಣ ಟೆಲಿ ಲೆನ್ಸ್. ಹಳೆಯ ಉಸ್ತಾದರು ಹೊಗಳಿದ ಆ ನೋಟ ಬೇಕಿದ್ದರೆ ಕ್ರಾಪ್ ಕ್ಯಾಮೆರಾಗೆ ಹಾಕಬೇಕಾದ್ದು 35 ಎಂಎಂ; ಅದು 52 ಎಂಎಂಗೆ ಸಮ. ಕೆನಾನ್ ಕ್ರಾಪ್ ಸೆನ್ಸರ್ ಇನ್ನೂ ತುಸು ಚಿಕ್ಕದು, ಅಲ್ಲಿ 1.6ರಿಂದ ಗುಣಿಸಬೇಕು. 50 ಎಂಎಂ ಅಲ್ಲಿ 80 ಆಗುತ್ತದೆ.

ಈಗ ಗೋಡೆಗಳ ಲೆಕ್ಕಕ್ಕೆ ಬರೋಣ. ಡಿಎಕ್ಸ್ ಕ್ಯಾಮೆರಾದಲ್ಲಿ ಮೂರು ಮೀಟರ್ ದೂರದಿಂದ 35 ಎಂಎಂ ಲೆನ್ಸಿಗೆ ಎರಡು ಮೀಟರ್ ಅಗಲದ ದೃಶ್ಯ ಕಾಣುತ್ತದೆ. 50 ಎಂಎಂಗೆ ಕಾಣುವುದು 1.4 ಮೀಟರ್. ನಿಂತ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ, ಮೇಲೆ ಕೆಳಗೆ ತುಸು ಜಾಗ ಬಿಟ್ಟು, ಎರಡು ಮೀಟರ್ ಎತ್ತರದ ಚೌಕಟ್ಟಿನಲ್ಲಿ ಕೂರಿಸಬೇಕೆಂದುಕೊಳ್ಳಿ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೂ 35 ಎಂಎಂಗೆ ಸುಮಾರು ಮೂರು ಮೀಟರ್ ದೂರ ಬೇಕು, 50 ಎಂಎಂಗೆ ನಾಲ್ಕೂಕಾಲು ಮೀಟರ್. ಹತ್ತು-ಹನ್ನೆರಡು ಅಡಿಯ ಕೋಣೆಯ ಉದ್ದ ಇರುವುದೇ 3.66 ಮೀಟರ್. ಅದರಲ್ಲಿ ಮಂಚ, ಬೀರು, ನಿಂತವರ ಬೆನ್ನ ಹಿಂದಿನ ಜಾಗ, ಚಿತ್ರ ತೆಗೆಯುವವರ ಮೈ ಎಲ್ಲ ಕಳೆಯಬೇಕು. 35 ಎಂಎಂ ಅಲ್ಲಿ ಕಷ್ಟಪಟ್ಟು ಸಾಲುತ್ತದೆ. 50 ಎಂಎಂ ಹಾಕಿಕೊಂಡವರು ಗೋಡೆಯಾಚೆ ನಿಲ್ಲಬೇಕಾಗುತ್ತದೆ. ಪ್ರೈಮ್ ಲೆನ್ಸಿನವರಿಗೆ ಕಾಲೇ ಜೂಮ್ ಎಂಬ ಮಾತಿದೆ. ಬೆನ್ನು ಗೋಡೆಗೆ ತಾಗಿದ ಮೇಲೆ ಆ ಮಾತಿಗೆ ಬೆಲೆಯಿಲ್ಲ. ಹಾಗೆಂದು 35 ಎಂಎಂ ಎಲ್ಲವನ್ನೂ ತುಂಬಿಸಿಕೊಳ್ಳುತ್ತದೆ ಎಂದೂ ಅಲ್ಲ. ಇಡೀ ಕುಟುಂಬ ಸಾಲಾಗಿ ಕೂತ ಗುಂಪುಚಿತ್ರಕ್ಕೆ ಕಿಟ್ ಲೆನ್ಸಿನ 18 ಎಂಎಂ ತುದಿಯೇ ಗತಿ. ಆದರೆ ಒಬ್ಬರು, ಇಬ್ಬರು, ಮೂವರು ಇರುವ ಚಿತ್ರಗಳು, ಅಂದರೆ ಮನೆಯಲ್ಲಿ ನಾವು ತೆಗೆಯುವ ಹೆಚ್ಚಿನ ಚಿತ್ರಗಳು, 35ರ ಅಳತೆಗೆ ಒಗ್ಗುತ್ತವೆ.

ಹಿನ್ನೆಲೆಯನ್ನು ಕರಗಿಸುವುದರಲ್ಲಿ 50 ಎಂಎಂ ಮುಂದಿದೆಯಲ್ಲ ಎನ್ನುವವರಿದ್ದಾರೆ. ಮುಂದಿದೆ ನಿಜ, ಎಷ್ಟು ಮುಂದೆ ಎಂದು ಅಳೆದು ನೋಡಬೇಕು. ಎರಡೂ ಲೆನ್ಸುಗಳನ್ನು ಎರಡು ಮೀಟರ್ ದೂರದಲ್ಲಿ ನಿಲ್ಲಿಸಿ ಎಫ್/1.8ರಲ್ಲಿ ತೆಗೆದರೆ 50 ಎಂಎಂನಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 11.5 ಸೆಂ.ಮೀ., 35 ಎಂಎಂನಲ್ಲಿ ಸುಮಾರು 23 ಸೆಂ.ಮೀ. ಆದರೆ ಹಾಗೆ ತೆಗೆದ ಎರಡು ಚಿತ್ರಗಳಲ್ಲಿ ಮುಖದ ಗಾತ್ರ ಬೇರೆಬೇರೆ. ಮುಖ ಒಂದೇ ಗಾತ್ರದಲ್ಲಿ ಬರಲೆಂದು 35 ಎಂಎಂನವರು 1.4 ಮೀಟರಿಗೆ ಹತ್ತಿರವಾದರೆ ಅಲ್ಲಿಯೂ ಆಳ 11.5 ಸೆಂ.ಮೀ.ಗೇ ಇಳಿಯುತ್ತದೆ. ಉಳಿಯುವ ವ್ಯತ್ಯಾಸ ದೂರದ ಹಿನ್ನೆಲೆಯದು. ಎಷ್ಟೋ ದೂರದ ಮರಗಳು, ಬೀದಿದೀಪಗಳು 50 ಎಂಎಂನಲ್ಲಿ ಶೇಕಡ 43ರಷ್ಟು ಹೆಚ್ಚು ಹರಡಿಕೊಂಡು ಮಸುಕಾಗುತ್ತವೆ. ಉದ್ಯಾನದಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಮನೆಯೊಳಗೆ ಹಿನ್ನೆಲೆ ಎಂದರೆ ಬೆನ್ನ ಹಿಂದೆ ಒಂದು ಮೀಟರ್ ದೂರದ ಗೋಡೆ. ತಲೆ-ಭುಜ ತುಂಬಿದ ಚಿತ್ರದಲ್ಲಿ ಆ ಗೋಡೆಯ ಮಸುಕನ್ನು ಲೆಕ್ಕ ಹಾಕಿದರೆ 50ರ ಮುನ್ನಡೆ ಐದನೇ ಒಂದು ಪಾಲಿಗಿಂತಲೂ ಕಡಿಮೆ. ಎಲ್ಲಿ ನಮಗೆ ಬೆಳಕಿನ ಲೆನ್ಸಿನ ಅಗತ್ಯ ಹೆಚ್ಚೋ ಅಲ್ಲಿಯೇ 50 ಎಂಎಂನ ಈ ಹೆಚ್ಚುಗಾರಿಕೆ ಸೊರಗುತ್ತದೆ.

ಇದಕ್ಕಿಂತ ತೂಕದ ಆಕ್ಷೇಪ ಮುಖದ ಆಕಾರದ ಬಗ್ಗೆ. ತಲೆ-ಭುಜದ ಚಿತ್ರಕ್ಕೆ 35 ಎಂಎಂನವರು ಸುಮಾರು 90 ಸೆಂ.ಮೀ. ಹತ್ತಿರ ಹೋಗಬೇಕು, 50 ಎಂಎಂನವರು 1.3 ಮೀಟರಿನಲ್ಲಿ ನಿಲ್ಲಬಹುದು. ಮೂಗಿನ ತುದಿ ಕಿವಿಗಿಂತ 12 ಸೆಂ.ಮೀ. ಮುಂದಿದೆ ಎಂದಿಟ್ಟುಕೊಂಡರೆ, ಹತ್ತಿರದಿಂದ ತೆಗೆದಾಗ ಕಿವಿಗೆ ಹೋಲಿಸಿ ಮೂಗು ಶೇಕಡ 13ರಷ್ಟು ಹಿಗ್ಗುತ್ತದೆ, ದೂರದಿಂದ ತೆಗೆದಾಗ ಶೇಕಡ 9ರಷ್ಟು. ಒಬ್ಬರ ಮುಖವನ್ನೇ ತುಂಬಿಸುವ ಚಿತ್ರಗಳಲ್ಲಿ 50 ಎಂಎಂ ಹೆಚ್ಚು ಚೆಂದ ಕಾಣುವುದು ಇದೇ ಕಾರಣಕ್ಕೆ, ಇದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಮೂಗನ್ನು ಹಿಗ್ಗಿಸುವುದು ನಿಂತ ದೂರ, ಲೆನ್ಸಿನ ಮೇಲಿನ ಅಂಕಿ ಅಲ್ಲ. 35 ಎಂಎಂ ಹಿಡಿದವರೂ 1.3 ಮೀಟರಿನಲ್ಲೇ ನಿಂತು ತೆಗೆದು, ಆಮೇಲೆ ಅಂಚುಗಳನ್ನು ಕತ್ತರಿಸಬಹುದು. 24 ಮೆಗಾಪಿಕ್ಸೆಲ್ ಚಿತ್ರವನ್ನು 50 ಎಂಎಂನ ನೋಟಕ್ಕೆ ಕತ್ತರಿಸಿದರೆ ಸುಮಾರು 12 ಮೆಗಾಪಿಕ್ಸೆಲ್ ಉಳಿಯುತ್ತದೆ. 12×8 ಇಂಚಿನ ಒಳ್ಳೆಯ ಪ್ರಿಂಟಿಗೆ ಬೇಕಾದದ್ದು 9 ಮೆಗಾಪಿಕ್ಸೆಲಿಗೂ ಕಡಿಮೆ. ಹಿನ್ನೆಲೆಯ ಮಸುಕು ತುಸು ಇಳಿದು 50 ಎಂಎಂ ಲೆನ್ಸನ್ನು ಎಫ್/2.6ಕ್ಕೆ ಮುಚ್ಚಿದಂತೆ ಕಾಣುತ್ತದೆ, ಅಷ್ಟೇ. 35ರ ಚಿತ್ರದಿಂದ 50ರ ನೋಟವನ್ನು ಹೀಗೆ ತೆಗೆಯಬಹುದು. 50ರ ಚಿತ್ರದಲ್ಲಿ ಚೌಕಟ್ಟಿನಾಚೆ ಉಳಿದ ಅಜ್ಜಿಯನ್ನು ಮನೆಗೆ ಬಂದ ಮೇಲೆ ಒಳಗೆ ಕರೆತರಲಾಗದು.

ಮುಂದೆ ಫುಲ್ ಫ್ರೇಮ್, ಅಂದರೆ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನ, ಕ್ಯಾಮೆರಾ ಕೊಂಡರೆ ಡಿಎಕ್ಸ್ 35 ಎಂಎಂ ದಂಡವಾಗುತ್ತದೆ, 50 ಎಂಎಂ ಉಪಯೋಗಕ್ಕೆ ಬರುತ್ತದೆ ಎಂಬ ವಾದವೂ ಇದೆ. 35 ಎಂಎಂ ಹಾಕಿದಾಗ ಫುಲ್ ಫ್ರೇಮ್ ಕ್ಯಾಮೆರಾ ತಾನಾಗಿ ಕ್ರಾಪ್ ಅಳತೆಗೆ ಇಳಿಯುತ್ತದೆ, 24 ಮೆಗಾಪಿಕ್ಸೆಲಿನಲ್ಲಿ ಸುಮಾರು 10 ಮಾತ್ರ ಕೈಗೆ ಸಿಗುತ್ತದೆ ಎಂಬುದು ಸತ್ಯ. ಆದರೆ 2018ರಲ್ಲಿ ನಿಕಾನ್ ತನ್ನ ಮಿರರ್‌ಲೆಸ್ ಕ್ಯಾಮೆರಾಗಳಿಗೆಂದು ಜೆಡ್ ಮೌಂಟ್ ಎಂಬ ಹೊಸ ಲೆನ್ಸ್ ಜೋಡಣೆ ತಂದ ಮೇಲೆ ಮುಂದಿನ ಕ್ಯಾಮೆರಾ ಮಿರರ್‌ಲೆಸ್ ಆಗುವ ಸಂಭವವೇ ಹೆಚ್ಚು, ಆಗ ಈ ಎರಡು ಲೆನ್ಸುಗಳಿಗೂ ಅಡಾಪ್ಟರ್ ಬೇಕು. ಅದಕ್ಕಿಂತ ಮುಖ್ಯವಾಗಿ, ಎಂದೋ ಕೊಳ್ಳಬಹುದಾದ ಕ್ಯಾಮೆರಾಗೆ ಹೊಂದಲಿ ಎಂದು ಇಂದಿನ ಕ್ಯಾಮೆರಾಗೆ ಒಗ್ಗದ ಲೆನ್ಸ್ ಇಟ್ಟುಕೊಂಡರೆ ಮಕ್ಕಳ ಬೆಳವಣಿಗೆ ಆ ಕ್ಯಾಮೆರಾಗಾಗಿ ಕಾಯುವುದಿಲ್ಲ. ಇನ್ನೊಂದು ಪ್ರಶ್ನೆ ಮೊಬೈಲಿನದು: ಅಗಲದ ನೋಟಕ್ಕೆ ಫೋನ್ ಇರುವಾಗ ಕ್ಯಾಮೆರಾಗೆ ದೂರದ ಲೆನ್ಸೇ ಬೇಕಲ್ಲವೇ? ಫೋನಿನ ಮುಖ್ಯ ಕ್ಯಾಮೆರಾದ ನೋಟ ಸಾಮಾನ್ಯವಾಗಿ ಫಿಲ್ಮ್ ಲೆಕ್ಕದ 24ರಿಂದ 28 ಎಂಎಂ. ನಮ್ಮ 35 ಎಂಎಂ ಅದರ ಎರಡರಷ್ಟು ಬಿಗಿ, ಹಾಗಾಗಿ ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಜೊತೆಗೆ ಫೋನು ಪೋರ್ಟ್ರೇಟ್ ಮೋಡಿನಲ್ಲಿ ಹಿನ್ನೆಲೆಯನ್ನು ಲೆಕ್ಕಾಚಾರದಿಂದ ಮಸುಕು ಮಾಡುತ್ತದೆ, ಕೆದರಿದ ಕೂದಲಿನ ಅಂಚಿನಲ್ಲಿ ತಪ್ಪುತ್ತದೆ. ಲೆನ್ಸು ಗಾಜಿನಿಂದಲೇ ಮಾಡುವ ಮಸುಕಿಗೆ ಆ ಗೋಜಿಲ್ಲ.

50 ಎಂಎಂ ಯಾರಿಗೆ ಸರಿ ಎಂಬುದಕ್ಕೂ ಇದೇ ಅಳತೆಗೋಲು ಉತ್ತರ ಕೊಡುತ್ತದೆ. ಹಿಂದೆ ಸರಿಯಲು ಜಾಗ ಇರುವವರಿಗೆ, ಅಥವಾ ಹತ್ತಿರ ಹೋಗಲು ಅವಕಾಶವೇ ಇಲ್ಲದವರಿಗೆ ಅದು ಒಳ್ಳೆಯದು. ಯಕ್ಷಗಾನದ ರಂಗಸ್ಥಳದಿಂದ ಐದು ಮೀಟರ್ ದೂರದಲ್ಲಿ ಕೂತು ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ 50 ಎಂಎಂನಲ್ಲಿ 2.35 ಮೀಟರ್ ಎತ್ತರ ಕಾಣುತ್ತದೆ. ಕಿರೀಟ ಸಹಿತ ಇಡೀ ವೇಷ ಚೌಕಟ್ಟು ತುಂಬಿ ನಿಲ್ಲುತ್ತದೆ. ಭರತನಾಟ್ಯ, ಸಂಗೀತ ಕಛೇರಿ, ತೋಟದಲ್ಲಿ ತೆಗೆಯುವ ಒಬ್ಬರ ಭಾವಚಿತ್ರ ಇಂಥವೇ ನಿಮ್ಮ ಕೆಲಸವಾದರೆ ಸಂಕೋಚವಿಲ್ಲದೆ 50 ಕೊಳ್ಳಿ. ಉಳಿದ ಸಣ್ಣ ವ್ಯತ್ಯಾಸಗಳು 35ರ ಕಡೆಗೇ ಇವೆ. ಎರಡರಲ್ಲೂ ಕೈನಡುಕ ತಡೆಯುವ ವ್ಯವಸ್ಥೆ ಇಲ್ಲ. ರೂಢಿಯ ಲೆಕ್ಕದಂತೆ 35 ಎಂಎಂನಲ್ಲಿ ಸೆಕೆಂಡಿನ 50ನೇ ಒಂದು ಭಾಗದಲ್ಲಿ ಕೈಯಲ್ಲೇ ಹಿಡಿದು ತೆಗೆಯಬಹುದಾದರೆ 50 ಎಂಎಂಗೆ 75ನೇ ಒಂದು ಭಾಗ ಬೇಕು. 35 ಎಂಎಂ 30 ಸೆಂ.ಮೀ. ಹತ್ತಿರದಲ್ಲೂ ಫೋಕಸ್ ಆಗುತ್ತದೆ, 50 ಎಂಎಂಗೆ 45 ಸೆಂ.ಮೀ. ಬೇಕು. ಇನ್ನು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಕೊಳ್ಳುವವರು ಒಂದನ್ನು ಗಮನಿಸಬೇಕು. ಹಳೆಯ 50 ಎಂಎಂ ಎಫ್/1.8ಡಿ ಲೆನ್ಸಿನೊಳಗೆ ಮೋಟರ್ ಇಲ್ಲ. ನಿಕಾನ್ ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಅದಕ್ಕೆ ಆಟೋಫೋಕಸ್ ಆಗುವುದಿಲ್ಲ. ಎಎಫ್-ಎಸ್ ಎಂದು ಬರೆದಿದೆಯೇ ಎಂದು ನೋಡಿಯೇ ದುಡ್ಡು ಕೊಡಿ.

ಈ ಲೆಕ್ಕಗಳನ್ನು ನಂಬಬೇಕಾಗಿಯೂ ಇಲ್ಲ, ಖರ್ಚಿಲ್ಲದೆ ಪರೀಕ್ಷಿಸಬಹುದು. ನಿಮ್ಮ ಕಿಟ್ ಲೆನ್ಸನ್ನು 35ಕ್ಕೆ ತಿರುಗಿಸಿ, ಉಂಗುರ ಅಲುಗದಂತೆ ಟೇಪ್ ಅಂಟಿಸಿ, ಒಂದು ವಾರ ಮನೆಯಲ್ಲಿ ತೆಗೆಯಿರಿ. ಮುಂದಿನ ವಾರ 50ಕ್ಕೆ ಇಟ್ಟು ತೆಗೆಯಿರಿ. ಚಿತ್ರ ಕತ್ತಲಾದರೂ ಚಿಂತೆಯಿಲ್ಲ, ನೋಡಬೇಕಾದದ್ದು ಚೌಕಟ್ಟನ್ನು. ಯಾವ ವಾರ ಬೆನ್ನು ಹೆಚ್ಚು ಸಲ ಗೋಡೆಗೆ ತಾಗಿತು, ಯಾವ ವಾರ ಇನ್ನಷ್ಟು ಹತ್ತಿರ ಹೋಗಬೇಕು ಅನ್ನಿಸಿಯೂ ಹೋಗಲಾಗಲಿಲ್ಲ ಎಂದು ಬರೆದಿಟ್ಟುಕೊಳ್ಳಿ. ಎರಡನೆಯದೇ ಹೆಚ್ಚಾಗಿದ್ದರೆ 50 ನಿಮ್ಮದು. ಮನೆ, ಮಕ್ಕಳು, ಹಬ್ಬ, ಅಡುಗೆಮನೆ, ಬೀದಿ ನಿಮ್ಮ ಚಿತ್ರಗಳ ಜಗತ್ತಾಗಿದ್ದರೆ ಮೊದಲು 35 ಎಂಎಂ ಕೊಳ್ಳಿ, 50ರ ಯೋಚನೆಯನ್ನು ಎರಡನೆಯ ಲೆನ್ಸಿಗೆ ಇಟ್ಟುಕೊಳ್ಳಿ.