ಟ್ಯೂಬ್‌ಲೆಸ್ ಸೈಕಲ್ ಚಕ್ರ: ಗುಳ್ಳೆ ಬಂದಲ್ಲೇ ತೂತು ಇರುವುದಿಲ್ಲ

ಹೊಸೂರು: ಅವಲಪಲ್ಲಿಯಿಂದ ಡೆಂಕಣಿಕೋಟೆ, ಅಂಚೆಟ್ಟಿ ಕಡೆ ಮಣ್ಣು ದಾರಿಯಲ್ಲಿ ಸೈಕಲ್ ತುಳಿಯುವವರಿಗೆ ಏರಿಗಿಂತ ಮುಳ್ಳಿನ ಭಯವೇ ಹೆಚ್ಚು. ಕನ್ನಡದಲ್ಲಿ ನೆಗ್ಗಿಲು, ತೆಲುಗಿನಲ್ಲಿ ಪಲ್ಲೇರು, ತಮಿಳಿನಲ್ಲಿ ನೆರುಂಜಿ. ಹೆಸರು ಮೂರಾದರೂ ಚುಚ್ಚುವುದು ಒಂದೇ ರೀತಿ. ಈ ಕಾಟಕ್ಕೆ ಬೇಸತ್ತು ಮೌಂಟನ್ ಬೈಕನ್ನು ಟ್ಯೂಬ್‌ಲೆಸ್ ಮಾಡಿಕೊಂಡರೆ, ಮಾರನೇ ಬೆಳಿಗ್ಗೆ ಯಾವ ಮುಳ್ಳೂ ಇಲ್ಲದೆ ಟೈರು ನೆಲಕ್ಕೆ ಕೂತಿರುವುದೂ ಉಂಟು. ಹಾಕಿದ ದುಡ್ಡು ದಂಡವಾಯಿತೆಂದು ಮತ್ತೆ ಟ್ಯೂಬ್ ತುರುಕುವ ಮೊದಲು ಗಾಳಿ ಹೋಗುವ ದಾರಿಯನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಅಲಾಯ್ ಚಕ್ರದ ಮೋಟಾರ್ ಬೈಕಿಗೆ ಟ್ಯೂಬ್ ಬೇಡ, ಕಡ್ಡಿ ಚಕ್ರದ ಬೈಕಿಗೆ ಸಾಮಾನ್ಯವಾಗಿ ಬೇಕು. ಟಿವಿಎಸ್ ಕಾರ್ಖಾನೆಯ ಊರಿನವರಿಗೆ ಇದು ಗೊತ್ತಿರುವುದೇ. ಕಾರಣ ಇಷ್ಟೇ, ಪ್ರತಿ ಕಡ್ಡಿಗೂ ರಿಮ್ಮಿನಲ್ಲಿ ಒಂದು ತೂತು. ಸೈಕಲ್ಲಿನದೂ ಅದೇ ತೊಂದರೆ. 1999ರಲ್ಲಿ ಫ್ರಾನ್ಸಿನ ಮಾವಿಕ್ ಕಂಪನಿ ಒಳಮೈಯಲ್ಲಿ ಕಡ್ಡಿ ತೂತುಗಳೇ ಇಲ್ಲದ ರಿಮ್ ತಂದಿತು. ಆಮೇಲೆ ಅಮೆರಿಕದ ಸ್ಟಾನ್ ಕೊಜಿಯಾಟೆಕ್ ಸಾಧಾರಣ ರಿಮ್ಮಿಗೆ ಟೇಪು ಸುತ್ತಿ, ಲ್ಯಾಟೆಕ್ಸ್ ದ್ರವ ಸುರಿಯುವ ಸುಲಭ ದಾರಿಯನ್ನು ಜನಪ್ರಿಯಗೊಳಿಸಿದರು. ಇಂದು ಹೆಚ್ಚಿನವರು ಮಾಡುವುದು ಇದನ್ನೇ.

ಚಕ್ರಕ್ಕೆ ಗಾಳಿ ತುಂಬಿ, ಸುತ್ತಲೂ ಸೋಪಿನ ನೀರು ಹಚ್ಚಿ ನೋಡಿ. ವಾಲ್ವಿನ ತುದಿಯಲ್ಲಿ ಗುಳ್ಳೆ ಬಂದರೆ ಒಳಗಿನ ಪಿನ್ನು ಸಡಿಲ, ಬಿಗಿ ಮಾಡಿದರೆ ಸಾಕು. ಟೈರಿನ ಅಂಚಿನಲ್ಲಿ ಬಂದರೆ ಟೈರು ಸರಿಯಾಗಿ ಕೂತಿಲ್ಲ ಅಥವಾ ರಿಮ್ ಡೊಂಕಾಗಿದೆ. ಹೊಸ ಟೈರಿನ ಪಕ್ಕದಲ್ಲಿ ಸಣ್ಣ ಗುಳ್ಳೆಗಳು ಕಂಡರೆ ಗಾಬರಿ ಬೇಡ, ದ್ರವವೇ ಒಂದೆರಡು ದಿನದಲ್ಲಿ ಮುಚ್ಚುತ್ತದೆ.

ತಲೆ ಕೆಡಿಸುವುದು ಕಡ್ಡಿಯ ಬುಡದ ಗುಳ್ಳೆ. ಅಲ್ಲಿಗೇ ಅಂಟು ಮೆತ್ತುವವರಿದ್ದಾರೆ. ಅದು ವ್ಯರ್ಥ. ಮೌಂಟನ್ ಬೈಕಿನ ರಿಮ್ ಸಾಮಾನ್ಯವಾಗಿ ಎರಡು ಪದರದ್ದು, ನಡುವೆ ಕೊಳವೆಯಂತೆ ಟೊಳ್ಳು. ಟೇಪು ಒಂದು ಕಡೆ ಎದ್ದರೆ ಗಾಳಿ ಆ ಟೊಳ್ಳಿಗೆ ಇಳಿದು, ಸುತ್ತಿ ಬಂದು, ಸಿಕ್ಕ ತೂತಿನಿಂದ ಹೊರಡುತ್ತದೆ. ಮಾಡು ಸೋರುವ ಮನೆಯಲ್ಲಿ ನೀರು ತೊಟ್ಟಿಕ್ಕುವ ಜಾಗ ಒಂದು, ಹಂಚು ಒಡೆದ ಜಾಗ ಇನ್ನೊಂದು ಇರುವಂತೆ. ವಾಲ್ವಿನ ನಟ್ಟಿನ ಬಳಿ, ರಿಮ್ಮಿನ ಬೆಸುಗೆಯ ಬಳಿ ಬರುವ ಗುಳ್ಳೆಯೂ ಬಹಳ ಸಲ ಟೇಪಿನ ದೋಷವೇ. ಇನ್ನಷ್ಟು ದ್ರವ ಸುರಿದು ಇದನ್ನು ವಾಸಿ ಮಾಡಲಾಗದು. ದ್ರವ ಇರುವುದು ಮುಳ್ಳಿನ ತೂತಿಗೆ.

ಆದ್ದರಿಂದ ಟೈರು ಬಿಚ್ಚಿ, ಹಳೆ ಟೇಪು ಕಿತ್ತು, ರಿಮ್ಮನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಿಸಬೇಕು. ಎಣ್ಣೆಯ ಪಸೆ ಇದ್ದಲ್ಲಿ ಟೇಪು ಹಿಡಿಯದು. ಟ್ಯೂಬ್‌ಲೆಸ್ ಟೇಪನ್ನೇ ತನ್ನಿ. ವಯರಿಂಗ್ ಟೇಪಿನ ಅಂಟು ಬಿಸಿಲಿಗೆ ಕರಗಿ ಜಾರುತ್ತದೆ. ಅಗಲ ರಿಮ್ಮಿನ ಒಳ ಅಳತೆಗಿಂತ 2ರಿಂದ 5 ಮಿ.ಮೀ. ಹೆಚ್ಚಿರಲಿ. ಬಿಗಿಯಾಗಿ ಎಳೆದು ಸುತ್ತಿ, ಕೊನೆಯಲ್ಲಿ ಸುಮಾರು 10 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಮಾಡಿ. ಬಳಿಕ ವಾಲ್ವಿನ ತೂತು ಮಾಡಿ, ಟ್ಯೂಬ್ ಹಾಕಿ ಗಾಳಿ ತುಂಬಿ ಒಂದು ರಾತ್ರಿ ಬಿಟ್ಟರೆ ಟೇಪು ಮೂಲೆಮೂಲೆಗೂ ಒತ್ತಿಕೊಳ್ಳುತ್ತದೆ. ಬೆಳಿಗ್ಗೆ ಟೈರಿನ ಒಂದೇ ಅಂಚು ಬಿಚ್ಚಿ ಟ್ಯೂಬ್ ತೆಗೆಯಿರಿ. ವಾಲ್ವಿನ ತೂತನ್ನು ಕಾಸಿದ ಮೊಳೆಯಿಂದಲೇ ಮಾಡಿರಬೇಕು, ಬ್ಲೇಡಿನಿಂದ ಕೊಯ್ದರೆ ಟೇಪು ಹರಿಯುತ್ತಾ ಹೋಗುತ್ತದೆ. ನಟ್ಟನ್ನು ಕೈಯಲ್ಲೇ ಬಿಗಿಯಿರಿ, ಕಟಿಂಗ್ ಪ್ಲೇಯರ್ ಬೇಡ.

ಟೈರಿನ ಅಂಚು ಕೂರಲು ಕೈಪಂಪಿನ ರಭಸ ಸಾಲದಿದ್ದರೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಸಹಾಯಕ್ಕೆ ಬರುತ್ತದೆ. ಸಣ್ಣ ಮೂತಿಯ ಪ್ರೆಸ್ಟಾ ವಾಲ್ವಿಗೆ ಹಿತ್ತಾಳೆಯ ಅಡಾಪ್ಟರ್ ಬೇಕು. ಅಂಚಿಗೆ ಸೋಪಿನ ನೀರು ಸವರಿ ಸ್ವಲ್ಪ ಸ್ವಲ್ಪವೇ ಬಿಡಿ. ಟೈರು ಮತ್ತು ರಿಮ್ಮಿನ ಮೇಲೆ ಬರೆದಿರುವ ಒತ್ತಡಗಳಲ್ಲಿ ಕಡಿಮೆಯದನ್ನು ಮೀರಬಾರದು. ಮೀರಿದರೆ ಟೈರು ಸಿಡಿದು ಮುಖಕ್ಕೆ ಬಡಿದೀತು.

ಶಾಲೆಯಲ್ಲಿ ಮಕ್ಕಳಿಗೆ ಸಿಗುವ ಉಚಿತ ಸೈಕಲ್ಲು ಮತ್ತು ಸ್ಟೀಲ್ ರಿಮ್ಮಿನ ಹಳೆ ಸೈಕಲ್ಲುಗಳ ಮೇಲೆ ಈ ಪ್ರಯೋಗ ಬೇಡ. ಅವುಗಳ ರಿಮ್ ಟ್ಯೂಬ್‌ಲೆಸ್ ಟೈರಿನ ಅಂಚನ್ನು ಹಿಡಿಯುವಂತೆ ಮಾಡಿದ್ದಲ್ಲ.

ಒಂದು ಚಕ್ರಕ್ಕೆ 60ರಿಂದ 100 ಮಿ.ಲೀ. ದ್ರವ ಸಾಕು. ಬೇಸಿಗೆಯಲ್ಲಿ ಅದು ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಬೇಕು. ದೂರ ಹೋಗುವಾಗ ಚೀಲದಲ್ಲಿ ಒಂದು ಟ್ಯೂಬ್ ಇಟ್ಟುಕೊಳ್ಳಿ. ಆದರೆ ಅದನ್ನು ಹಾಕುವ ಮೊದಲು ಟೈರಿನ ಒಳಗೆ ಹುಷಾರಾಗಿ ಬೆರಳಾಡಿಸಿ ನೋಡಿ. ದ್ರವ ಮುಚ್ಚಿಟ್ಟಿದ್ದ ಹಳೆ ಮುಳ್ಳುಗಳೆಲ್ಲ ಅಲ್ಲೇ ನೆಟ್ಟುಕೊಂಡಿರುತ್ತವೆ.