ಹಿಮದಲ್ಲಿ ಚಡ್ಡಿ ಮತ್ತು ‘ಗಟ್ಟಿ ರಕ್ತ’ದ ಕಥೆ

‘ಅವರ ರಕ್ತವೇ ಬೇರೆ ಕಣ್ರೀ, ಗಟ್ಟಿ ರಕ್ತ. ದಿನಾ ಮಾಂಸ, ಮೇಲೊಂದಿಷ್ಟು ಗುಂಡು. ಇನ್ನು ಚಳಿ ಎಲ್ಲಿಂದ ಆಗಬೇಕು?’ ಟೊರಾಂಟೊದಲ್ಲಿ ಮಗನ ಮನೆಯಲ್ಲಿ ಒಂದು ಚಳಿಗಾಲ ಕಳೆದು ಬಂದ ನಮ್ಮ ಭಾವನವರು ಹೀಗೆಂದಾಗ ಕೂತವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಸಾಕ್ಷಿಗೆ ಮೊಬೈಲಿನಲ್ಲಿ ವಿಡಿಯೊ ಬೇರೆ ಇತ್ತು. ಹಿಮ ರಾಶಿ ಬಿದ್ದ ಪಾರ್ಕಿಂಗ್ ಜಾಗದಲ್ಲಿ ಚಡ್ಡಿ ತೊಟ್ಟ ದಡೂತಿ ಗಂಡಸೊಬ್ಬ ಸಾಮಾನಿನ ಟ್ರಾಲಿ ನೂಕಿಕೊಂಡು ಹೋಗುತ್ತಿದ್ದಾನೆ. ಅಮೆರಿಕದ ಮಿನ್ನೆಸೋಟಾದಿಂದ, ಇಂಗ್ಲೆಂಡಿನ ನ್ಯೂಕಾಸಲ್‌ನಿಂದ ಬಂದವರ ಹತ್ತಿರವೂ ಇಂಥದೇ ವಿಡಿಯೊ, ಇಂಥದೇ ವ್ಯಾಖ್ಯಾನ. ಯಾರು ಎಲ್ಲಿ ಚಡ್ಡಿ ಹಾಕಿದರೂ ನನ್ನದೇನೂ ತಕರಾರಿಲ್ಲ. ಈ ‘ಗಟ್ಟಿ ರಕ್ತ’ವನ್ನು ಮಾತ್ರ ಕೇಳಿ ಕೇಳಿ ಸಾಕಾಗಿದೆ.

ಗುಂಪು ಕೂಡಿಬಂದರೆ ಟೊರಾಂಟೊದವನ ರಕ್ತವನ್ನು ತುಮಕೂರಿನವನಿಗೆ ಏರಿಸಬಹುದು, ಅವನದನ್ನು ಇವನಿಗೂ ಏರಿಸಬಹುದು. ಚರ್ಮದ ಬಣ್ಣ, ಹುಟ್ಟಿದ ಊರು ನೋಡಿಕೊಂಡು ರಕ್ತ ಮಂದವಾಗುವುದಿಲ್ಲ. ತಮಾಷೆಯೆಂದರೆ, ಚಳಿಗೆ ರಕ್ತ ಒಂದಿಷ್ಟು ಮಂದವಾಗುವುದು ನಿಜ, ಆದರೆ ಅದು ಎಲ್ಲರಿಗೂ ಆಗುತ್ತದೆ. ಚಳಿ ತಾಗಿದೊಡನೆ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಮುದುಡಿಕೊಳ್ಳುತ್ತವೆ. ಅಲ್ಲಿದ್ದ ರಕ್ತ ಎದೆ, ಹೊಟ್ಟೆಯ ಕಡೆ ಸರಿಯುತ್ತದೆ. ಅಲ್ಲಿ ದ್ರವ ಜಾಸ್ತಿಯಾಯಿತೆಂದು ದೇಹ ಲೆಕ್ಕ ಹಾಕುತ್ತದೆ, ಮೂತ್ರಪಿಂಡ ನೀರನ್ನು ಹೊರಗೆ ಕಳಿಸುತ್ತದೆ. ಚಳಿಗಾಲದಲ್ಲಿ ಪದೇ ಪದೇ ಬಾತ್‌ರೂಮಿಗೆ ಓಡುವುದಕ್ಕೆ ಇದೂ ಒಂದು ಕಾರಣ. ನೀರು ಹೋದಷ್ಟು ಉಳಿದ ರಕ್ತ ಸಾಂದ್ರವಾಗುತ್ತದೆ. 1984ರಲ್ಲಿ ಬ್ರಿಟನ್ನಿನ ಕೀಟಿಂಜ್ ಮತ್ತು ಸಂಗಡಿಗರು ಸ್ವಯಂಸೇವಕರ ಮೈಯನ್ನು ಆರು ಗಂಟೆ ಹದವಾಗಿ ತಣಿಸಿ ಇದನ್ನು ಅಳೆದರು. ರಕ್ತದ ಮಂದತೆ, ಪ್ಲೇಟ್‌ಲೆಟ್ ಸಂಖ್ಯೆ, ರಕ್ತದೊತ್ತಡ ಮೂರೂ ಏರಿದ್ದವು. ಚಳಿಗಾಲದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚುವುದಕ್ಕೆ ಅವರು ಕೊಟ್ಟ ವಿವರಣೆ ಇದೇ. ಎಂದಮೇಲೆ ಭಾವನವರು ಹೊಗಳುತ್ತಿರುವ ಗಟ್ಟಿ ರಕ್ತ ಯಾರಿಗೂ ಕಂಬಳಿಯಾಗುವುದಿಲ್ಲ. ಅದು ಇದ್ದವನು ಚಡ್ಡಿ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು.

ಮಾಂಸದ ವಾದದಲ್ಲಿ ಕಾಳಿನಷ್ಟು ಸತ್ಯವಿದೆ. ಪ್ರೋಟೀನನ್ನು ಅರಗಿಸಿಕೊಳ್ಳಲು ದೇಹಕ್ಕೆ ಹೆಚ್ಚು ಶ್ರಮ, ಅದರ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತು ಪಾಲು ಶಾಖವಾಗಿಯೇ ಹೋಗುತ್ತದೆ. ಅನ್ನ, ರೊಟ್ಟಿಯ ಪಿಷ್ಟದಲ್ಲಿ ಇದು ಐದರಿಂದ ಹತ್ತು ಪಾಲು. ಆದರೆ ತೊಗರಿಬೇಳೆಯ ಪ್ರೋಟೀನಿಗೂ, ಹುರುಳಿಕಾಳಿನ ಪ್ರೋಟೀನಿಗೂ ಇದೇ ಲೆಕ್ಕ ಸ್ವಾಮಿ. ಕೋಳಿ ತಿಂದವನಿಗೊಂದು, ಹುರುಳಿ ಸಾರು ಉಂಡವನಿಗೊಂದು ಎಂದು ದೇಹ ಬೇರೆ ಖಾತೆ ತೆರೆಯುವುದಿಲ್ಲ.

ಗುಂಡಿನದು ಇದಕ್ಕಿಂತ ಅಪಾಯದ ನಂಬಿಕೆ. ಹೆಂಡ ಒಳಗೆ ಹೋದೊಡನೆ ಚರ್ಮದ ರಕ್ತನಾಳಗಳು ಅರಳುತ್ತವೆ, ಮುಖ ಕೆಂಪಾಗುತ್ತದೆ, ಮೈ ಬೆಚ್ಚಗಾದಂತೆ ಅನಿಸುತ್ತದೆ. ಅನಿಸುವುದೇನೋ ನಿಜ, ಆದರೆ ಆ ಬಿಸಿ ಒಳಗಿನಿಂದ ಚರ್ಮಕ್ಕೆ ಬಂದದ್ದು, ಅಲ್ಲಿಂದ ಗಾಳಿಗೆ ಹೋಗುವಂಥದ್ದು. ಒಳಗಿನ ಉಷ್ಣಾಂಶ ಇಳಿಯುತ್ತದೆ, ನಡುಗಿ ಮೈಬಿಸಿ ಹುಟ್ಟಿಸುವ ಶಕ್ತಿಯೂ ತಗ್ಗುತ್ತದೆ. ಹಿಮದಲ್ಲಿ ಕುಡಿದು ಮಲಗಿದವರು ಏಳದೇ ಹೋಗುವುದು ಇದಕ್ಕೇ. ಈ ಭ್ರಮೆಗೆ ಚಿತ್ರಕಲೆಯ ಬೆಂಬಲವೂ ಸಿಕ್ಕಿತು. ಆಲ್ಪ್ಸ್ ಬೆಟ್ಟದ ಸೇಂಟ್ ಬರ್ನಾರ್ಡ್ ನಾಯಿಯ ಕೊರಳಲ್ಲಿ ಬ್ರಾಂಡಿಯ ಪುಟ್ಟ ಪೀಪಾಯಿ ನೇತಾಡುವ ಚಿತ್ರ ಎಲ್ಲರಿಗೂ ಗೊತ್ತು. 1820ರಲ್ಲಿ ಎಡ್ವಿನ್ ಲ್ಯಾಂಡ್‌ಸಿಯರ್ ಎಂಬ ಹದಿಹರೆಯದ ಇಂಗ್ಲಿಷ್ ಕಲಾವಿದ ತನ್ನ ಚಿತ್ರದಲ್ಲಿ ಅದನ್ನು ಕಟ್ಟಿದ. ಆ ನಾಯಿಯ ಕೊರಳಿನಿಂದ ಬ್ರಾಂಡಿ ನಮ್ಮ ಮನೆಗಳವರೆಗೂ ಬಂದಿದೆ. ‘ಮಗುವಿಗೆ ಥಂಡಿಯಾಗಿದೆ, ಎರಡು ಹನಿ ಹಾಕಿ’ ಎನ್ನುವ ಹಿರಿಯರು ಇವತ್ತಿಗೂ ಇದ್ದಾರೆ. ದಯವಿಟ್ಟು ಬೇಡ.

ಈಗ ಭಾವನವರ ವಿಡಿಯೊವನ್ನೇ ಇನ್ನೊಮ್ಮೆ ನೋಡಿ, ಈ ಸಲ ಮಂಡಿಯನ್ನು ಬಿಟ್ಟು ಉಳಿದದ್ದನ್ನು. ತಲೆಗೆ ಕಿವಿ ಮುಚ್ಚುವ ಉಣ್ಣೆಯ ಟೋಪಿ. ಮೈಗೆ ಟೋಪಿ ಹೊಲಿದ ಹೂಡಿ ಅಂಗಿ, ಅದರ ಮೇಲೆ ಹತ್ತಿ ತುಂಬಿದಂಥ ದಪ್ಪನೆಯ ತೋಳಿಲ್ಲದ ಜಾಕೆಟ್. ಕಾಲಿಗೆ ದಪ್ಪ ಉಣ್ಣೆಯ ಕಾಲುಚೀಲ, ಕಣಕಾಲು ಮುಚ್ಚುವ ಬೂಟು. ಬರಿದಾಗಿರುವುದು ಮಂಡಿಯೂ ಅದರ ಕೆಳಗಿನ ಒಂದು ಗೇಣೂ ಅಷ್ಟೆ. ಅವನ ಹಿಂದೆ ಅಂಗಡಿಯ ಬಾಗಿಲು, ಒಳಗೆ ಇಪ್ಪತ್ತು ಡಿಗ್ರಿ ಬಿಸಿ. ಮುಂದೆ ಅವನ ಕಾರು, ಅದರ ಎಂಜಿನ್ ಆಗಲೇ ಚಾಲೂ ಆಗಿ ಹೊಗೆ ಬಿಡುತ್ತಿದೆ. ಇವೆರಡರ ನಡುವೆ ಹೆಚ್ಚೆಂದರೆ ಮೂರು ನಿಮಿಷದ ನಡಿಗೆ. ಇದಕ್ಕೆ ತಪಸ್ಸು ಎನ್ನುತ್ತೀರಾ?

ಚಳಿಯಲ್ಲಿ ದೇಹ ಎಲ್ಲ ಅಂಗಕ್ಕೂ ಸಮನಾಗಿ ಬಿಸಿ ಹಂಚುವುದಿಲ್ಲ. ಮಿದುಳು, ಹೃದಯ, ಪಿತ್ತಜನಕಾಂಗ ಇರುವ ತಿರುಳು 37 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಕೈಕಾಲು ತಣ್ಣಗಾದರೂ ನಡೆಯುತ್ತದೆ. ಕಾಲಿನಲ್ಲಿ ಕೆಳಗಿಳಿಯುವ ಅಪಧಮನಿಗೆ ಒತ್ತಿಕೊಂಡೇ ಮೇಲೆ ಬರುವ ಅಭಿಧಮನಿಗಳಿವೆ. ಇಳಿಯುವ ಬೆಚ್ಚಗಿನ ರಕ್ತ ಏರುವ ತಣ್ಣನೆಯ ರಕ್ತಕ್ಕೆ ದಾರಿಯಲ್ಲೇ ಶಾಖ ದಾಟಿಸಿಬಿಡುತ್ತದೆ, ಹೀಗಾಗಿ ಕಾಲು ತಣ್ಣಗಾದರೂ ಅದರ ತಂಪು ಎದೆಗೂಡಿಗೆ ಮುಟ್ಟುವುದಿಲ್ಲ. ಸಾಲದ್ದಕ್ಕೆ ಮೊಣಕಾಲಿನ ಕೆಳಗಿನ ಚರ್ಮ ಚಳಿಯನ್ನು ಗುರುತಿಸುವುದರಲ್ಲಿ ಬಹಳ ಮಂದ. ಮುಖ, ಬೆನ್ನು, ಹೊಟ್ಟೆ ಅದಕ್ಕಿಂತ ಎಷ್ಟೋ ಚುರುಕು. ಅನುಮಾನವಿದ್ದರೆ ತಣ್ಣೀರಿನ ಚೊಂಬನ್ನು ಮೊದಲು ಕಾಲಿನ ಮೇಲೆ, ಆಮೇಲೆ ಬೆನ್ನ ಮೇಲೆ ಸುರಿದುಕೊಂಡು ನೋಡಿ. ಇನ್ನು ಬಿರುಸಾಗಿ ನಡೆಯುವವನ ತೊಡೆ, ಮೀನಖಂಡಗಳೇ ದೊಡ್ಡ ಒಲೆಗಳು. ಸ್ನಾಯು ಬಳಸುವ ಶಕ್ತಿಯಲ್ಲಿ ನಾಲ್ಕನೇ ಒಂದು ಪಾಲು ಕೂಡ ಕೆಲಸಕ್ಕೆ ಬರುವುದು ಕಷ್ಟ, ಮಿಕ್ಕದ್ದೆಲ್ಲ ಶಾಖ. ಬ್ರಿಟನ್ನಿನ ಪೋಸ್ಟ್‌ಮ್ಯಾನ್‌ಗಳಲ್ಲಿ ಹಲವರು ಡಿಸೆಂಬರಿನಲ್ಲೂ ಚಡ್ಡಿಯಲ್ಲೇ ಟಪಾಲು ಹಂಚುತ್ತಾರೆ. ಹೊರೆ ಹೊತ್ತು ನಡೆದರೆ ಬೆವರುತ್ತದೆ, ಮಳೆಗೆ ನೆನೆದ ಪ್ಯಾಂಟಿನ ಅಂಚು ಇಡೀ ದಿನ ಕಾಲಿಗೆ ಅಂಟಿ ಕೊರೆಯುತ್ತದೆ. ಕಾಲು ಬರಿದಾಗಿದ್ದರೆ ಒರೆಸಿಕೊಂಡರೆ ಮುಗಿಯಿತು.

ಮೈ ಮುಚ್ಚಿ ಕಾಲು ಬಿಡುವ ಈ ಏರ್ಪಾಡು ನಮಗೇನು ಹೊಸದೇ? ಡಿಸೆಂಬರಿನ ಬೆಳಗ್ಗೆ ಆರೂವರೆಗೆ ತೀರ್ಥಹಳ್ಳಿ, ಕೊಪ್ಪದ ಕಡೆ ಹಾಲು ಹಾಕಲು ಹೊರಟವರನ್ನು ನೋಡಿ. ಮಂಜು ಕವಿದು ಎದುರಿನ ದಾರಿ ಕಾಣುತ್ತಿರುವುದಿಲ್ಲ. ತಲೆಗೆ ಮಫ್ಲರ್ ಸುತ್ತಿ, ಮೈಗೆ ಹಳೆಯ ಸ್ವೆಟರ್ ಹಾಕಿ, ಪಂಚೆಯನ್ನು ಮಂಡಿಯ ಮೇಲೆ ಎತ್ತಿ ಕಟ್ಟಿರುತ್ತಾರೆ. ಕಾಲಲ್ಲಿ ಹವಾಯಿ ಚಪ್ಪಲಿ, ಅದೂ ಇದ್ದರೆ ಇದೆ. ಪಂಚೆ ಇಳಿಬಿಟ್ಟರೆ ಹುಲ್ಲಿನ ಇಬ್ಬನಿಗೆ ಒದ್ದೆಯಾಗುತ್ತದೆಂದು ಅವರಿಗೆ ಗೊತ್ತು. ಇವರ ವಿಡಿಯೊ ತೆಗೆದು ‘ಮಲೆನಾಡಿನವರ ರಕ್ತವೇ ಗಟ್ಟಿ’ ಎಂದು ಯಾರೂ ಟೊರಾಂಟೊಗೆ ಕಳಿಸಿದ್ದು ನಾನು ಕೇಳಿಲ್ಲ.

ಅಭ್ಯಾಸದ ಪಾಲು ದೊಡ್ಡದು, ‘ಗಟ್ಟಿ ರಕ್ತ’ದವರು ಒಪ್ಪದೇ ಇರುವುದೂ ಇದನ್ನೇ. ದಕ್ಷಿಣ ಕೊರಿಯಾದ ಜೆಜು ದ್ವೀಪದ ಹೇನ್ಯೊ ಹೆಂಗಸರ ಕಥೆ ಕೇಳಿ. ಆಮ್ಲಜನಕದ ಸಿಲಿಂಡರ್ ಇಲ್ಲದೆ ಕಡಲೊಳಗೆ ಮುಳುಗಿ ಚಿಪ್ಪು, ಪಾಚಿ ತರುವುದು ಅವರ ಕಸುಬು. ತೆಳು ಹತ್ತಿಬಟ್ಟೆಯಲ್ಲಿ, ಚಳಿಗಾಲದ ಕೊರೆಯುವ ನೀರಿನಲ್ಲೂ ಮುಳುಗುತ್ತಿದ್ದರು. 1960ರ ದಶಕದಲ್ಲಿ ಕೊರಿಯಾದ ಮುಳುಗುಗಾರ್ತಿಯರನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಕಂಡದ್ದೇನೆಂದರೆ, ಚಳಿಗಾಲ ಬಂತೆಂದರೆ ಅವರ ದೇಹ ಸುಮ್ಮನೆ ಕುಳಿತಿದ್ದಾಗಲೂ ಹೆಚ್ಚು ಶಾಖ ಹುಟ್ಟಿಸುತ್ತಿತ್ತು, ನಡುಕವೂ ಬೇರೆಯವರಿಗಿಂತ ತಡವಾಗಿ ಶುರುವಾಗುತ್ತಿತ್ತು. 1970ರ ದಶಕದ ಕೊನೆಗೆ ರಬ್ಬರಿನ ವೆಟ್‌ಸೂಟ್ ಬಂತು. ಕೆಲವೇ ವರ್ಷಗಳಲ್ಲಿ ಆ ವಿಶೇಷವೆಲ್ಲ ಮಾಯ. ಅದೇ ಹೆಂಗಸರು, ಅದೇ ಕಡಲು. ರಕ್ತದಲ್ಲಿ ಬಂದದ್ದಾಗಿದ್ದರೆ ಬಟ್ಟೆ ಬದಲಾಯಿಸಿದ್ದಕ್ಕೆ ಹೋಗುತ್ತಿತ್ತೇ? ಇವರು ಗಂಡಸರೂ ಅಲ್ಲ, ದಿನಾ ಮಾಂಸ ಉಂಡವರೂ ಅಲ್ಲ. ಬಾರ್ಲಿ, ಸಿರಿಧಾನ್ಯ, ಮೀನು, ಪಾಚಿ ಉಂಡು ಬೆಳೆದವರು.

ಇಷ್ಟು ಕಷ್ಟಪಡಬೇಕೆಂದೂ ಇಲ್ಲ. 2013ರಲ್ಲಿ ನೆದರ್ಲೆಂಡ್ಸ್‌ನಲ್ಲಿ 17 ಮಂದಿಯನ್ನು ದಿನಕ್ಕೆ ಆರು ಗಂಟೆಯಂತೆ ಹತ್ತು ದಿನ 15–16 ಡಿಗ್ರಿಯ ಕೋಣೆಯಲ್ಲಿ ಕೂರಿಸಿದರು. ಹತ್ತು ದಿನ ಮುಗಿಯುವ ಹೊತ್ತಿಗೆ ನಡುಕ ಕಡಿಮೆಯಾಗಿತ್ತು, ಶಾಖ ಹುಟ್ಟಿಸುವುದಕ್ಕೇ ಇರುವ ಕಂದು ಕೊಬ್ಬು ಚುರುಕಾಗಿತ್ತು, ಚಳಿ ಮೊದಲಿನಷ್ಟು ಹಿಂಸೆ ಎನಿಸುತ್ತಿರಲಿಲ್ಲ. ಹದಿನಾರು ಡಿಗ್ರಿ ಎಂದರೆ ಬೆಂಗಳೂರಿನ ಡಿಸೆಂಬರಿನ ಬೆಳಗು. ಅಲ್ಲಿನವರು ಅದನ್ನು ಪ್ರಯೋಗಕ್ಕೆ ಬಳಸಿದರು, ನಾವು ಮಂಕಿ ಟೋಪಿ ಹಾಕಿಕೊಂಡು ವಾಕಿಂಗ್ ಹೋಗುತ್ತೇವೆ. ಮೈನಸ್ ಇಪ್ಪತ್ತನ್ನು ಎರಡು ತಿಂಗಳು ಕಂಡವನಿಗೆ ಮೈನಸ್ ಎರಡರ ದಿನ ಹಿತವಾಗಿ ಕಂಡರೆ ಆಶ್ಚರ್ಯವೇನು?

ಹುಟ್ಟಿನಿಂದ ಬಂದದ್ದು ಏನೂ ಇಲ್ಲವೆಂದಲ್ಲ. ನಮ್ಮ ನರಗಳ ತುದಿಯಲ್ಲಿ ಚಳಿಯನ್ನು ಗುರುತಿಸುವ ಟಿಆರ್‌ಪಿಎಂ8 ಎಂಬ ಪ್ರೋಟೀನಿದೆ. ಪೆಪ್ಪರ್‌ಮಿಂಟ್ ಚೀಪಿದಾಗ ಬಾಯಿ ತಂಪಾದಂತಾಗುವುದು ಇದರಿಂದಲೇ. ಇದನ್ನು ಪತ್ತೆ ಮಾಡಿದವರಲ್ಲೊಬ್ಬರಾದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಇದಕ್ಕೆ ಸಂಬಂಧಿಸಿದ ಜೀನಿನ ಒಂದು ರೂಪ ನೈಜೀರಿಯಾ ಮೂಲದವರಲ್ಲಿ ಶೇ. 5ರಷ್ಟಿದ್ದರೆ ಫಿನ್‌ಲ್ಯಾಂಡಿನವರಲ್ಲಿ ಶೇ. 88ರಷ್ಟಿದೆ, ಜೊತೆಗೆ ಅದಕ್ಕೆ ಮೈಗ್ರೇನ್ ತಲೆನೋವಿನ ನಂಟೂ ಉಂಟು. ಇನ್ನೊಂದು, ಸ್ನಾಯುಗಳಲ್ಲಿರುವ ಆಲ್ಫಾ-ಆಕ್ಟಿನಿನ್-3 ಎಂಬ ಪ್ರೋಟೀನು. ಜಗತ್ತಿನ ಐವರಲ್ಲಿ ಒಬ್ಬರ ಮೈಯಲ್ಲಿ ಅದು ಇರುವುದೇ ಇಲ್ಲ. 42 ಮಂದಿ ಗಂಡಸರನ್ನು 14 ಡಿಗ್ರಿ ನೀರಿನಲ್ಲಿ ಕೂರಿಸಿದಾಗ ಮೈಬಿಸಿ ಚೆನ್ನಾಗಿ ಉಳಿಸಿಕೊಂಡವರು ಅದು ಇಲ್ಲದವರೇ ಎಂದು 2021ರಲ್ಲಿ ಪ್ರಕಟವಾಯಿತು. ಅಂಥವರು ನಮ್ಮ ದೇಶದಲ್ಲೂ ಧಾರಾಳ ಇದ್ದಾರೆ. ಒಂದು ನರದಲ್ಲಿ, ಒಂದು ಸ್ನಾಯುವಿನಲ್ಲಿ. ರಕ್ತ ಮತ್ತೆ ಎಲ್ಲೂ ಬರಲಿಲ್ಲ.

ಜಂಬದ ಪಾಲನ್ನೂ ಮರೆಯಬಾರದು. ಅಮೆರಿಕದ ಶಾಲೆಗಳಲ್ಲಿ ಹನ್ನೆರಡು ಹದಿಮೂರರ ಹುಡುಗರು ಚಳಿಗಾಲವಿಡೀ ಚಡ್ಡಿ ಬಿಡದೆ ಅಮ್ಮಂದಿರ ಜೊತೆ ದಿನಾ ಜಗಳವಾಡುತ್ತಾರೆ. ಅವರ ಕಾಲಿಗೂ ಚಳಿ ಆಗುತ್ತದೆ, ಒಪ್ಪಿಕೊಂಡರೆ ಮರ್ಯಾದೆ ಪ್ರಶ್ನೆ. ಕೆಲವರಿಗೆ ನಲವತ್ತಾದರೂ ಹದಿಮೂರು ದಾಟುವುದಿಲ್ಲ.

ಮಿಕ್ಕ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ತಲೆಯಿಂದಲೇ ಅರ್ಧ ಮೈಬಿಸಿ ಹೋಗುತ್ತದೆ ಎನ್ನುವುದು ಸುಳ್ಳು, ತಲೆ ಮೈಯ ಹತ್ತನೇ ಒಂದರಷ್ಟು, ಹೋಗುವ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಚಳಿ ತಡೆಯುವುದು ಗಂಡಸರಿಗೆ ಮಾತ್ರ ಸಾಧ್ಯ ಎನ್ನುವವರು ಶನಿವಾರ ರಾತ್ರಿ ನ್ಯೂಕಾಸಲ್ ಪೇಟೆಯಲ್ಲಿ ಕೋಟಿಲ್ಲದೆ ತುಂಡು ಲಂಗದಲ್ಲಿ ಓಡಾಡುವ ಹುಡುಗಿಯರನ್ನು ನೋಡಬೇಕು. ಕಾಲು ತಣ್ಣಗಾದರೆ ನೆಗಡಿ ಬರುತ್ತದೆ ಎನ್ನುವವರಿಗೆ ಹೇಳುವುದಾದರೆ, ನೆಗಡಿ ತರುವುದು ವೈರಸ್ಸು. 1968ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಸ್ವಯಂಸೇವಕರಿಗೆ ರೈನೊವೈರಸ್ ಹಾಕಿ ಕೆಲವರನ್ನು ಚಳಿಯಲ್ಲಿರಿಸಿದರು, ಅವರಿಗೆ ನೆಗಡಿಯೇನೂ ಹೆಚ್ಚಾಗಲಿಲ್ಲ. ಮೂಗಿನ ಒಳಭಾಗ ತಣ್ಣಗಾದರೆ ಆ ವೈರಸ್ಸಿಗೆ ಅನುಕೂಲ ಎಂಬ ಮಾತಿಗೆ ಈಚೆಗೆ ಪುರಾವೆ ಸಿಕ್ಕಿದೆ ನಿಜ, ಅದಕ್ಕೆ ಮೂಗು ಮುಚ್ಚಿಕೊಳ್ಳಬೇಕೇ ಹೊರತು ಮಂಡಿಯನ್ನಲ್ಲ.

ನನ್ನನ್ನು ನಿಜವಾಗಿ ಕಾಡುವುದು ಬೇರೆ. ವಿವರಣೆ ಎಷ್ಟು ಅದ್ಭುತವಾಗಿದ್ದರೆ ಅಷ್ಟು ಬೇಗ ನಂಬುವುದು ನಮಗೆ ರೂಢಿಯಾಗಿದೆ. ನೆದರ್ಲೆಂಡ್ಸ್‌ನ ವಿಮ್ ಹಾಫ್ 2007ರಲ್ಲಿ ಚಡ್ಡಿಯಲ್ಲಿ ಎವರೆಸ್ಟ್ ಏರಹೊರಟು 7,000 ಮೀಟರ್ ದಾಟಿದ್ದು ಎಲ್ಲರ ಮೊಬೈಲಿನಲ್ಲೂ ಇದೆ, ಕಾಲು ನೋವಿನಿಂದ ಶಿಖರ ಮುಟ್ಟದೆ ವಾಪಸಾದದ್ದು ಯಾರಲ್ಲೂ ಇಲ್ಲ. ಅವನ ಅವಳಿ ಸಹೋದರ ಅಂಥ ಸಾಧನೆಯ ಗೋಜಿಗೇ ಹೋದವನಲ್ಲ, ಆದರೂ ಇಬ್ಬರ ಕಂದು ಕೊಬ್ಬು ಒಂದೇ ಮಟ್ಟದಲ್ಲಿತ್ತೆಂದು 2014ರಲ್ಲಿ ಅಳೆದವರು ಹೇಳಿದ್ದಾರೆ. ಅದೂ ಫಾರ್ವರ್ಡ್ ಆಗಲಿಲ್ಲ. ಭಾವನವರಿಗೆ ಇದನ್ನೆಲ್ಲ ಹೇಳಿದೆ. ‘ನೀವು ಹೇಳೋದು ಸರಿ ಇರಬಹುದು, ಆದರೆ ಕಣ್ಣಾರೆ ಕಂಡಿದ್ದೀನಲ್ಲ’ ಎಂದರು. ಆ ಪಾರ್ಕಿಂಗ್ ಜಾಗದಲ್ಲಿ ಪ್ಯಾಂಟು ಹಾಕಿಕೊಂಡವರು ಎಷ್ಟು ಜನ ಇದ್ದರು ಎಂದು ಕೇಳಿದೆ. ಅದನ್ನು ಅವರು ನೋಡಿರಲಿಲ್ಲ.

ಕೆನಡಾದ ಹವಾಮಾನ ಇಲಾಖೆ ಗಾಳಿಯ ಹೊಡೆತವನ್ನೂ ಸೇರಿಸಿ ಚಳಿಯ ಸೂಚ್ಯಂಕ ಕೊಡುತ್ತದೆ. ಅದು ಮೈನಸ್ 28ಕ್ಕೆ ಇಳಿದರೆ ಬರಿ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು, ಮೈನಸ್ 40ಕ್ಕೆ ಹತ್ತೇ ನಿಮಿಷ ಸಾಕು. ಅಂಥ ದಿನ ಚಡ್ಡಿಯ ಗಂಡಸೂ ಉದ್ದ ಪ್ಯಾಂಟು ಹುಡುಕಿ ಹಾಕಿಕೊಂಡೇ ಹೊರಗೆ ಬರುತ್ತಾನೆ. ಆ ದಿನದ ವಿಡಿಯೊ ಯಾರೂ ತೆಗೆದಿಲ್ಲ.