ಕತ್ತಿನಲ್ಲೊಬ್ಬ ಉಸಿರಿನ ಕಾವಲುಗಾರ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಊಟಿಗೆ ಹೋದವರಿಗೆ ಅಲ್ಲಿ ನಾಲ್ಕು ಹೆಜ್ಜೆ ಏರು ಹತ್ತಿದರೂ ಏದುಸಿರು ಬರುವುದು ಗೊತ್ತು. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರತೀರಕ್ಕಿಂತ ಹೆಚ್ಚುಕಡಿಮೆ ಕಾಲುಭಾಗ ಕಡಿಮೆ. ಈ ಕೊರತೆಯನ್ನು ಮೊದಲು ಪತ್ತೆಹಚ್ಚುವುದು ಶ್ವಾಸಕೋಶವಲ್ಲ. ಕತ್ತಿನ ಎರಡೂ ಬದಿಯಲ್ಲಿ, ಮಿದುಳಿಗೆ ರಕ್ತ ಒಯ್ಯುವ ಧಮನಿ ಕವಲೊಡೆಯುವ ಜಾಗದಲ್ಲಿರುವ ಅಕ್ಕಿಕಾಳಿನ ಗಾತ್ರದ ಅಂಗಗಳು. ವೈದ್ಯರು ಇವನ್ನು ಕೆರೊಟಿಡ್ ಬಾಡಿ ಎನ್ನುತ್ತಾರೆ.

ಬಹುಕಾಲ ಇದನ್ನು ಗ್ರಂಥಿಯೆಂದೇ ಭಾವಿಸಲಾಗಿತ್ತು. ಸ್ಪೇನಿನ ಫೆರ್ನಾಂಡೊ ಡಿ ಕಾಸ್ಟ್ರೊ 1920ರ ದಶಕದಲ್ಲಿ ಇದರ ನರತುದಿಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಅವು ಮಿದುಳಿನ ಅಪ್ಪಣೆ ತರುವ ನರಗಳಲ್ಲ, ಮಿದುಳಿಗೆ ಸುದ್ದಿ ಒಯ್ಯುವ ನರಗಳೆಂದು ತೋರಿಸಿದರು. ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್‌ಗೆ ಈ ಕ್ಷೇತ್ರದ ಸಂಶೋಧನೆಗಾಗಿ 1938ರ ನೊಬೆಲ್ ಬಂತು. ಡಿ ಕಾಸ್ಟ್ರೊ ಅವರಿಗೆ ಅದರಲ್ಲಿ ಪಾಲು ಸಿಗದಿದ್ದುದು ಅನ್ಯಾಯವೇ ಸರಿ.

ರಕ್ತದಲ್ಲಿ ಆಮ್ಲಜನಕ ಇಳಿದಾಗ ಈ ಅಂಗದ ಜೀವಕೋಶಗಳು ತಮಗೆ ಅಂಟಿಕೊಂಡ ನರತುದಿಗಳತ್ತ ರಾಸಾಯನಿಕಗಳನ್ನು ಸ್ರವಿಸುತ್ತವೆ. ಸುದ್ದಿ ಒಂಬತ್ತನೆಯ ಕಪಾಲ ನರದ ಮೂಲಕ ಮಿದುಳಿನ ಬುಡ ಸೇರುತ್ತದೆ. ಕೂಡಲೇ ಉಸಿರಾಟ ಚುರುಕಾಗುತ್ತದೆ.

ಆಮ್ಲಜನಕದ ಬೆಲೆಯನ್ನು ಚಾಮರಾಜನಗರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2021ರ ಮೇ 2ರ ರಾತ್ರಿ ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಕೊರತೆಯಾದಾಗ ಒಂದು ದಿನದೊಳಗೆ 24 ರೋಗಿಗಳು ಸತ್ತರು. ಶ್ವಾಸಕೋಶವೇ ಕೆಟ್ಟಿರುವಾಗ ಈ ಕಾವಲುಗಾರ ಎಷ್ಟು ಕೂಗಿಕೊಂಡರೂ, ಹೊರಗಿನಿಂದ ಆಮ್ಲಜನಕ ಕೊಡದೆ ಗತ್ಯಂತರವಿಲ್ಲ.

ಕೋವಿಡ್ ಕಾಲದಲ್ಲಿ ವೈದ್ಯರನ್ನು ತಬ್ಬಿಬ್ಬುಗೊಳಿಸಿದ್ದು ಇನ್ನೊಂದು ಸಂಗತಿ. ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದರೂ ಕೆಲವರು ಆರಾಮವಾಗಿ ಮಾತಾಡುತ್ತ ಕುಳಿತಿರುತ್ತಿದ್ದರು! ಉಸಿರು ಕಟ್ಟಿದಂತಾಗುವ ಸಂಕಟ ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಏರಿದಾಗ ಬರುವಂಥದು. ಅದು ಸರಾಗವಾಗಿ ಹೊರಹೋಗುತ್ತಿದ್ದರೆ ಆಮ್ಲಜನಕದ ಕೊರತೆ ಅಷ್ಟಾಗಿ ಅರಿವಿಗೆ ಬರುವುದಿಲ್ಲ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಈ ಎಚ್ಚರಿಕೆ ಇನ್ನೂ ಮಂದ.

ಆದ್ದರಿಂದ ಮನೆಯಲ್ಲಿ ಅಜ್ಜ ಅಜ್ಜಿಯರಿಗೆ ಜ್ವರ, ಕೆಮ್ಮು ಇದ್ದಾಗ 'ನನಗೇನೂ ಆಗಿಲ್ಲ' ಎಂಬ ಮಾತನ್ನು ಪೂರ್ತಿ ನಂಬಬೇಡಿ. ಅವರು ಸುಮ್ಮನೆ ಕುಳಿತಿರುವಾಗ, ಅವರಿಗೆ ತಿಳಿಯದಂತೆ, ಒಂದು ನಿಮಿಷ ಉಸಿರು ಎಣಿಸಿ. ವಯಸ್ಕರಿಗೆ 12ರಿಂದ 20 ಸಹಜ. 24 ದಾಟಿದರೆ, ಅಥವಾ ಬೆರಳಿಗೆ ಹಾಕುವ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪಬಹುದು. ಬೆರಳು ಬೆಚ್ಚಗೆ ಮಾಡಿ, ಬಣ್ಣ ತೆಗೆದು ಮತ್ತೆ ನೋಡಿ. ಬೀಡಿ, ಹೊಗೆಯಿಂದ ಶ್ವಾಸಕೋಶ ಮೊದಲೇ ಹಾಳಾಗಿರುವವರಿಗೆ ಸರಿಯಾದ ಅಂಕಿ ಬೇರೆಯಿರಬಹುದು. ಅದನ್ನು ಅವರ ವೈದ್ಯರಿಂದಲೇ ಕೇಳಿ ಬರೆದಿಟ್ಟುಕೊಳ್ಳಿ.